ನಾಲ್ಕನೇ ಬಾವುಟದ ಬಳಿ

ಸವಳಂಗ ರಸ್ತೆ, ಶಿವಮೊಗ್ಗ
11 ನವೆಂಬರ್ 2024

ಅಪ್ಪನಿಗೆ ಕವನಳ ನಮಸ್ಕಾರ.

ನಿನ್ನೆ ಸಂಜೆ ಫೋನಿನಲ್ಲಿ ನಾನು ಕೂಗಿದ್ದು ಈ ಬೀದಿಯವರಿಗೆಲ್ಲ ಕೇಳಿಸಿತು, ನಿಮಗೊಬ್ಬರಿಗೆ ಕೇಳಿಸಲಿಲ್ಲ. ಕೊನೆಗೆ "ಆಯ್ತು ಆಯ್ತು, ಊಟ ಮಾಡಿ ಮಲ್ಕೋ" ಎಂದು ಇಟ್ಟುಬಿಟ್ಟಿರಿ. ಕಿವಿಗೆ ಮಿಷನ್ ಹಾಕಿಕೊಳ್ಳಿ ಎಂದರೆ ಅದು ಕುಯ್ ಅನ್ನುತ್ತದೆ ಎನ್ನುತ್ತೀರಿ. ವಾಟ್ಸಾಪ್ ನೋಡಿ ಎಂದರೆ ಅಕ್ಷರ ಇರುವೆಯಷ್ಟಿದೆ ಎನ್ನುತ್ತೀರಿ. ಹಾಗಾಗಿ ನನಗೆ ಕಾಗದವೇ ಗತಿ.

ಹೇಳಬೇಕಿದ್ದದ್ದು ಇಷ್ಟು. ನಿನ್ನೆ ನಮ್ಮ ಕ್ಲಬ್ಬಿನ ಓರಿಯಂಟೀರಿಂಗ್ ಪಂದ್ಯಕ್ಕೆ ಬಂದವರು ಒಂಬತ್ತೇ ಜನ. ಅವರಲ್ಲಿ ನಾಲ್ವರು ನಾನು ದೈಹಿಕ ಶಿಕ್ಷಣ ಕಲಿಸುವ ಕಾಲೇಜಿನ ಹುಡುಗಿಯರು, ಪಿ.ಇ. ಮೇಡಂ ಕರೆದಿದ್ದಾರೆ, ಹೋಗದಿದ್ದರೆ ಏನಾಗುತ್ತದೋ ಎಂದು ಬಂದವರು. ಅಮ್ಮ ಇದನ್ನು "ಕಾಡಲ್ಲಿ ಬಾವುಟ ಹುಡುಕೋ ಆಟ" ಎನ್ನುತ್ತಾಳಲ್ಲ, ಜನಕ್ಕೆ ನಾನು ಅರ್ಧ ಗಂಟೆ ವಿವರಿಸುವುದಕ್ಕಿಂತ ಅದೇ ವಾಸಿ. ಕೈಯಲ್ಲಿ ನಕ್ಷೆ ಮತ್ತು ದಿಕ್ಸೂಚಿ ಕೊಟ್ಟು ಒಬ್ಬೊಬ್ಬರನ್ನೇ ಬಿಡುತ್ತೇವೆ. ಮರಗಳ ನಡುವೆ ಕಟ್ಟಿದ ಬಾವುಟಗಳನ್ನು ಕ್ರಮವಾಗಿ ಹುಡುಕಿ ಕಡಿಮೆ ಹೊತ್ತಿನಲ್ಲಿ ಹೊರಗೆ ಬಂದವರು ಗೆದ್ದಂತೆ. ಇಷ್ಟು ಸರಳವಾದ ಆಟಕ್ಕೆ ಜನ ಏಕೆ ಬರುವುದಿಲ್ಲವೋ ತಿಳಿಯದು. ರಾಜ್ಯ ಸಂಘದವರು ಹೇಳಿಬಿಟ್ಟಿದ್ದಾರೆ, ಈ ವರ್ಷ ಜನ ಸೇರದಿದ್ದರೆ ಮುಂದಿನ ವರ್ಷ ಶಿವಮೊಗ್ಗದಲ್ಲಿ ಪಂದ್ಯವಿಲ್ಲ ಎಂದು. ಮೂರು ವರ್ಷ ಕಷ್ಟಪಟ್ಟು ಕಟ್ಟಿದ್ದು ನನ್ನ ಕಣ್ಣೆದುರೇ ಮುಚ್ಚಿಹೋಗುತ್ತದೆ ಎಂಬ ಹೆದರಿಕೆ ಹಿಡಿದಿದೆ.

ಇನ್ನೊಂದು ಹೆದರಿಕೆಯೂ ಇದೆ, ನಗಬೇಡಿ. ಬೆಳಗಿನ ಜಾವ ಬಾವುಟ ಕಟ್ಟಲು ಒಬ್ಬಳೇ ಮರಗಳ ಒಳಗೆ ಹೋದಾಗ ಎಲೆ ಸರಿದ ಸದ್ದಾದರೂ ಎದೆ ಡವಡವ ಎನ್ನುತ್ತದೆ. ಕಾಡಾಟ ಆಡಿಸುವವಳಿಗೇ ಕಾಡಿನ ಭಯ. ಅಮ್ಮನಿಗೆ ಹೇಳಬೇಡಿ.

ನಿಮ್ಮ ಮಗಳು,
ಕವನ


ಕಾಗದನಗರ, ಭದ್ರಾವತಿ
16 ನವೆಂಬರ್ 2024

ಮಗಳು ಕವನಳಿಗೆ ಅಪ್ಪನ ಆಶೀರ್ವಾದ.

ಇಲ್ಲಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ನಿನ್ನ ಪತ್ರ ನಾಲ್ಕು ದಿನ ತೆಗೆದುಕೊಂಡಿತು. ಅದೂ ದಾರಿಯಲ್ಲಿ ಬಾವುಟ ಹುಡುಕುತ್ತಿತ್ತೋ ಏನೋ.

ಅದರ ಜೊತೆ ಇಟ್ಟಿದ್ದ ನಿನ್ನ ಪಂದ್ಯದ ಕರಪತ್ರ ನೋಡಿದೆ. ಆರೋಗ್ಯಕ್ಕಾಗಿ ಓಡಿ, ಪರಿಸರ ಪ್ರೀತಿಸಿ ಎಂದು ಬರೆದಿದ್ದೀಯ. ಮಾರಾಯ್ತಿ, ಭಾನುವಾರ ಬೆಳಿಗ್ಗೆ ಪರಿಸರದ ಮೇಲಿನ ಪ್ರೀತಿಗೆ ಹಾಸಿಗೆ ಬಿಟ್ಟು ಎದ್ದವರನ್ನು ನಾನಂತೂ ಕಂಡಿಲ್ಲ. ನಾನು ಕಾಗದದ ಮಿಲ್ಲಿನಲ್ಲಿದ್ದಾಗ ಹಗ್ಗ ಜಗ್ಗುವ ಪಂದ್ಯಕ್ಕೂ ಹೀಗೇ ಯಾರೂ ಬರುತ್ತಿರಲಿಲ್ಲ. ಎ ಶಿಫ್ಟಿಗೂ ಬಿ ಶಿಫ್ಟಿಗೂ ಪೈಪೋಟಿ ಹಚ್ಚಿದ ವರ್ಷ ನೋಡು, ಕ್ವಾರ್ಟರ್ಸಿನ ಹೆಂಗಸರು ಮಕ್ಕಳೆಲ್ಲ ಬಂದು ಸುತ್ತ ನಿಂತರು. ಜ್ವರ ಬಂದು ಮಲಗಿದವನು ಕೂಡ ತನ್ನ ಜಾಗಕ್ಕೆ ತಮ್ಮನನ್ನು ಬದಲಿ ಕಳಿಸಿದ. ಶಿಫ್ಟಿಗೆ ಬರಲಾಗದವನು ಬದಲಿ ಕಳಿಸುವುದು ನಮ್ಮವರಿಗೆ ರೂಢಿ, ಆಟಕ್ಕೂ ಅದೇ ನಡೆಯಿತು.

ಅದಕ್ಕೇ ಹೇಳುತ್ತೇನೆ, ಶಿವಮೊಗ್ಗಕ್ಕೂ ಭದ್ರಾವತಿಗೂ ಹಚ್ಚು. ಯಾವ ಊರಿಗೆ ಎಷ್ಟು ಪಾಯಿಂಟು ಎಂದು ದೊಡ್ಡದಾಗಿ ಬರೆದು ಟೀ ಅಂಗಡಿಗಳಲ್ಲಿ ಅಂಟಿಸು. ಹೆಂಗಸರಿಗೆ ಬೇರೆ ವಿಭಾಗ, ನಮ್ಮಂಥ ಹಿರಿಯರಿಗೆ ಬೇರೆ ವಿಭಾಗ ಮಾಡು. ನಿಮ್ಮ ಸವಳಂಗ ರಸ್ತೆಯ ಹಾರ್ಡ್‌ವೇರ್ ಅಂಗಡಿ ಜಂಬಣ್ಣನ ಕಿವಿಗೆ ಒಂದು ಮಾತು ಹಾಕಿದರೆ ಸಾಕು, ಭದ್ರಾವತಿಯವರನ್ನು ಸೋಲಿಸಲು ಅರ್ಧ ಶಿವಮೊಗ್ಗವನ್ನು ಎಬ್ಬಿಸಿಕೊಂಡು ಬರುತ್ತಾನೆ. ಈ ಕಡೆಯವರನ್ನು ನಾನು ನೋಡಿಕೊಳ್ಳುತ್ತೇನೆ. ಪಕ್ಕದ ಮನೆಯ ಪ್ರಕಾಶ ಆಗಲೇ ಬೂಟು ತೊಳೆದಿಟ್ಟಿದ್ದಾನೆ.

ಒಬ್ಬೊಬ್ಬರನ್ನೇ ಒಳಗೆ ಬಿಡುತ್ತೀಯಲ್ಲ, ಅದೊಂದು ಮಾತ್ರ ನನಗೂ ದಿಗಿಲು. ಹೋದವರು ಬರಬೇಕಲ್ಲ. ಬಾವುಟ ಕಟ್ಟಲು ಒಬ್ಬಳೇ ಹೋಗಬೇಡ. ಅಮ್ಮನಿಗೆ ನಾನು ಹೇಳಿಲ್ಲ. ನಿನ್ನ ಪತ್ರ ಬಿಡಿಸಿ ಓದಿದ್ದೇ ಅವಳು.

ಇಂತು,
ಭೂತಪ್ಪ


ಶಿವಮೊಗ್ಗ
23 ಡಿಸೆಂಬರ್ 2024

ಅಪ್ಪನಿಗೆ,

ನೀವು ಹಚ್ಚಿದ್ದು ಚೆನ್ನಾಗಿ ಹತ್ತಿಕೊಂಡಿತು. ನಿನ್ನೆ ನಿಮ್ಮ ಕಾಗದನಗರದಲ್ಲಿ ಮಿಲ್ಲು ಮುಚ್ಚಿದ ಮೇಲೆ ಖಾಲಿ ಬಿದ್ದ ಕ್ವಾರ್ಟರ್ಸುಗಳ ನಡುವೆ ಅರವತ್ತಕ್ಕೂ ಹೆಚ್ಚು ಜನ ಓಡಿದರಲ್ಲ, ನನಗೆ ಇನ್ನೂ ನಂಬಿಕೆ ಬರುತ್ತಿಲ್ಲ. ಹಿರಿಯರ ವಿಭಾಗದಲ್ಲಿ ಮೂರನೆಯವರಾಗಿ ಬಂದು ನೀವು ಜಂಬಣ್ಣನ ಎದುರಿಗೆ ಟವೆಲ್ ಬೀಸಿದ್ದನ್ನು ನನ್ನ ಹುಡುಗಿಯರು ವಿಡಿಯೋ ಮಾಡಿಟ್ಟುಕೊಂಡಿದ್ದಾರೆ.

ಆ ಗಲಾಟೆಯಲ್ಲಿ ನಿಮಗೆ ಹೇಳದೆ ಬಿಟ್ಟ ಸಂಗತಿ ಒಂದಿದೆ. ಶಿವಮೊಗ್ಗದ ತಂಡದ ಸುವರ್ಣಮ್ಮ, ಟೈಲರಿಂಗ್ ಮಾಡುತ್ತಾರಲ್ಲ ಅವರು, ಒಳಗೆ ಹೋದವರು ಹೊರಗೆ ಬರಲೇ ಇಲ್ಲ. ಎಲ್ಲರೂ ಉಪ್ಪಿಟ್ಟು ತಿನ್ನುತ್ತಿದ್ದಾಗ ನಾನು ಮುಳ್ಳುಕಂಟಿ ಬೆಳೆದ ಹಿತ್ತಲುಗಳಲ್ಲಿ ಹುಚ್ಚಿಯಂತೆ ಓಡಾಡುತ್ತಿದ್ದೆ. ಹಾಳು ಬಾವಿ, ಹಾವು, ಏನೇನೋ ಕಣ್ಣ ಮುಂದೆ ಬಂತು. ಕೊನೆಗೆ ಸೀಟಿ ಊದಿದಾಗ ಒಂದು ಮನೆಯ ಒಳಗಿನಿಂದ "ಇಲ್ಲಿದ್ದೀನಿ ಕಣಮ್ಮಾ" ಎಂದರು. ಬಾಗಿಲು ಸಿಕ್ಕಿಕೊಂಡು ಹೊರಗೆ ಬರಲಾಗದೆ ಕೂತಿದ್ದರು. ಆ ಸೀಟಿ ಇಲ್ಲದಿದ್ದರೆ ಅವರನ್ನು ಎಷ್ಟು ಹೊತ್ತಿಗೆ ಹುಡುಕುತ್ತಿದ್ದೆನೋ.

ಅದಕ್ಕೆ ನಿಯಮ ಬಿಗಿ ಮಾಡಿದ್ದೇನೆ. ಎಲ್ಲರ ಕೊರಳಲ್ಲೂ ಸೀಟಿ ಇರಬೇಕು. ನಾವು ಊದಿದರೆ ಅವರು ಊದಿ ಉತ್ತರಿಸಬೇಕು. ಸೀಟಿ ಕೇಳಿಸದವರನ್ನು ಒಳಗೆ ಬಿಡುವಂತಿಲ್ಲ. ಅಪ್ಪ, ಇದು ನಿಮಗೂ ಅನ್ವಯಿಸುತ್ತದೆ. ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತಿದ್ದೇನೆ.

ಪೈಪೋಟಿಯ ಕಾವು ಆರದಿರಲೆಂದು ಇನ್ನೊಂದು ನಿಯಮವನ್ನೂ ಸೇರಿಸಿದ್ದೇನೆ. ಒಂದು ತಂಡದಿಂದ ಹಿರಿಯರ ವಿಭಾಗಕ್ಕೆ ಆರು ಜನ ಇಳಿಯದಿದ್ದರೆ ಆ ವಿಭಾಗದ ಪಾಯಿಂಟೇ ಇಲ್ಲ. ನಲವತ್ತೈದು ದಾಟಿದವರೆಲ್ಲ ಹಿರಿಯರೇ, ಆದ್ದರಿಂದ ಪ್ರಕಾಶಣ್ಣನೂ ಸೇರುತ್ತಾನೆ. ಮುಂದಿನ ಪಂದ್ಯ ಶಂಕರಘಟ್ಟದ ಆಚೆಯ ನೆಡುತೋಪಿನಲ್ಲಿ. ಅಲ್ಲಿ ಕಾಡುಹಂದಿ ಇವೆಯಂತೆ.

ಕವನ


ಕಾಗದನಗರ
2 ಜನವರಿ 2025

ಕವನ ಮೇಡಂ ಅವರಿಗೆ,

ತಮ್ಮ ನಿಯಮಗಳು ತಲುಪಿದವು. ಸರಿಯಾಗಿಯೇ ಇವೆ. ಕಿವುಡನನ್ನು ಕಾಡಿಗೆ ಬಿಟ್ಟು ಆಮೇಲೆ ಕೂಗಿ ಕರೆದರೆ ಏನು ಪ್ರಯೋಜನ.

ಭದ್ರಾವತಿಗೆ ಆರು ಜನ ಹಿರಿಯರನ್ನು ಪ್ರಕಾಶ ಹೊಂದಿಸಿಕೊಂಡಿದ್ದಾನೆ. ಚಿಂತೆ ಬೇಡ. ಆ ದಿನ ನಾನು ಬರುವುದಿಲ್ಲ.

ಅಮ್ಮ ಚೆನ್ನಾಗಿದ್ದಾಳೆ.

ಭೂತಪ್ಪ


ಶಿವಮೊಗ್ಗ
24 ಜನವರಿ 2025

ಅಪ್ಪ,

ಆಸ್ಪತ್ರೆಯಲ್ಲಿ ನಿಮ್ಮ ಮಂಚದ ಪಕ್ಕ ಕೂತು ಕೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದೆ. ವಾರ್ಡಿನ ಎಲ್ಲರಿಗೂ ಕೇಳುವಂತೆ ಕೂಗಿ ಕೇಳುವ ಮಾತಲ್ಲ ಅದು. ಮನೆಗೆ ಬಂದ ಮೇಲೆ ನೀವು ಗೋಡೆ ಕಡೆ ತಿರುಗಿ ಮಲಗಿದಿರಿ. ಅದಕ್ಕೆ ಬರೆಯುತ್ತಿದ್ದೇನೆ.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಎದೆಗೆ ಕಟ್ಟಿ ಕಳಿಸಿದ ನಂಬರುಗಳಲ್ಲಿ ಪ್ರಕಾಶಣ್ಣನದು ಬಿಟ್ಟು ಉಳಿದೆಲ್ಲವೂ ಹೊರಗೆ ಬಂದಿದ್ದವು. ಸೀಟಿ ಊದಿದೆವು, ಒಳಗಿನಿಂದ ಉತ್ತರವಿಲ್ಲ. ಅವನ ಮೊಬೈಲಿಗೆ ಮಾಡಿದೆ.

"ಪ್ರಕಾಶಣ್ಣ, ಎಲ್ಲಿದ್ದೀಯಾ?"

"ಮನೇಲಿದ್ದೀನಿ ಕವನ."

"ಹೇಳ್ದೆ ಕೇಳ್ದೆ ಹೋಗ್ಬಿಟ್ಯಾ? ಇಲ್ಲಿ ನನ್ ಜೀವ ಹೋಗ್ತಿದೆ."

"ಹೂಂ ಕಣಮ್ಮ. ತಪ್ಪಾಯ್ತು."

ಬೈದು ಇಟ್ಟೆ. ಆದರೆ ನನಗಾದ ನೆಮ್ಮದಿ ಎಷ್ಟೆಂದರೆ ಬೈಯುವಾಗಲೇ ನಗು ಬರುತ್ತಿತ್ತು. ಮೈಕಿನಲ್ಲಿ "ಎಲ್ಲರೂ ಕ್ಷೇಮವಾಗಿ ಹೊರಗೆ ಬಂದಿದ್ದಾರೆ" ಎಂದೆ. ಜನ ಚಪ್ಪಾಳೆ ತಟ್ಟಿದರು. ಬಾವುಟಗಳನ್ನೆಲ್ಲ ಬಿಚ್ಚಿಕೊಂಡು ಶಿವಮೊಗ್ಗಕ್ಕೆ ಬಂದು ಸ್ನಾನ ಮಾಡಿ ಮಲಗಿದೆ. ಅಪ್ಪ, ನಾನು ನಿದ್ದೆ ಮಾಡಿದೆ.

ನಾಲ್ಕು ಗಂಟೆಯ ಹೊತ್ತಿಗೆ ಪ್ರಕಾಶಣ್ಣನೇ ಫೋನ್ ಮಾಡಿದ. "ನಾನ್ ಓಡ್ಲೇ ಇಲ್ಲ ಕವನ. ಹೊಟ್ಟೆ ಕೆಟ್ಟಿತ್ತು. ನನ್ ನಂಬರ್ ಹಾಕ್ಕೊಂಡು ಭೂತಪ್ಪಣ್ಣ ಬದಲಿ ಹೋಗಿದ್ರು. ಗೊತ್ತಾದ್ರೆ ಟೀಮಿನ ಪಾಯಿಂಟ್ ಕಿತ್ಕೋತೀಯ ಅಂತ ಸುಳ್ ಹೇಳ್ದೆ. ಅವ್ರು ಹೆಂಗೋ ಬಂದಿರ್ತಾರೆ ಅನ್ಕೊಂಡೆ. ಇನ್ನೂ ಮನೆಗೆ ಬಂದಿಲ್ಲ."

ಅಮ್ಮ ನೀವು ನನ್ನ ಜೊತೆ ಇದ್ದೀರಿ ಎಂದುಕೊಂಡಿದ್ದಳು, ನಾನು ನೀವು ಅಮ್ಮನ ಜೊತೆ ಇದ್ದೀರಿ ಎಂದುಕೊಂಡಿದ್ದೆ. ಸ್ಟಾರ್ಟಿನಲ್ಲಿ ನಿಂತಿದ್ದ ನನ್ನ ಹುಡುಗಿಯರು ನಂಬರು ನೋಡಿ ಬಿಟ್ಟಿದ್ದಾರೆ. ತಲೆಗೆ ಮಂಗನ ಟೋಪಿ ಹಾಕಿಕೊಂಡಿದ್ದ ನಿಮ್ಮ ಮುಖ ಅವರಿಗೆ ತಿಳಿಯಲಿಲ್ಲ. ತೋಪಿಗೆ ವಾಪಸು ಹೋಗಿ ನಾವೆಲ್ಲ ಸೀಟಿ ಊದಿದೆವು, ಕೂಗಿದೆವು. ಕೂಗುತ್ತಾ ಕೂಗುತ್ತಾ ನನಗೆ ಥಟ್ಟನೆ ಅನಿಸಿತು, ನಾವು ಕೂಗುತ್ತಿರುವುದು ಯಾರಿಗೆ? ಆಮೇಲೆ ನಕ್ಷೆ ಹಿಡಿದು ಒಂದೊಂದೇ ಬಾವುಟದ ಜಾಗಕ್ಕೆ ನಡೆದೆ. ನಾಲ್ಕನೆಯದರ ಬಳಿ, ಮಳೆನೀರು ಇಂಗಲೆಂದು ತೋಡಿದ ಇಂಗುಗುಂಡಿಯಲ್ಲಿ ನೀವು ಸಿಕ್ಕಿದಿರಿ. ಬೆಳಕು ಇನ್ನೂ ಸ್ವಲ್ಪ ಇತ್ತು. ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಲು ಹೋಗುತ್ತಿಲ್ಲ.

ಕ್ಲಬ್ಬು ಮುಚ್ಚುತ್ತಿದ್ದೇನೆ. ಸಂಘದವರು ಮುಚ್ಚಿಸುವುದೇನೂ ಬೇಕಾಗಿಲ್ಲ. ಒಂದೇ ಒಂದು ಹೇಳಿ, ಬೇಡ ಎಂದ ಮೇಲೂ ಏಕೆ ಹೋದಿರಿ?

ಕವನ


ಕಾಗದನಗರ
10 ಫೆಬ್ರವರಿ 2025

ಮಗಳೇ,

ಕಾಲಿಗೆ ಬ್ಯಾಂಡೇಜು, ಕೂರಲೂ ಆಗುವುದಿಲ್ಲ, ನಿಲ್ಲಲೂ ಆಗುವುದಿಲ್ಲ. ದಿಂಬಿನ ಮೇಲೆ ಪುಸ್ತಕ ಇಟ್ಟು ಬರೆಯುತ್ತಿದ್ದೇನೆ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಆದರೆ ಸಹಿಸಿಕೋ.

ಏಕೆ ಹೋದೆ ಎಂದರೆ, ಬೆಳಿಗ್ಗೆ ಪ್ರಕಾಶ ಹೊಟ್ಟೆ ಹಿಡಿದುಕೊಂಡು ಬಂದ. ಅವನು ಇಳಿಯದಿದ್ದರೆ ಐದೇ ಜನ, ಭದ್ರಾವತಿಗೆ ಪಾಯಿಂಟಿಲ್ಲ. ಪಾಯಿಂಟಿಲ್ಲದಿದ್ದರೆ ನಮ್ಮ ಜನ ಮುಂದಿನ ಸಲ ಬರುವುದಿಲ್ಲ, ನಿನ್ನ ಆಟ ನಿಲ್ಲುತ್ತದೆ. ಒಬ್ಬ ಬಾರದಿದ್ದರೆ ಇನ್ನೊಬ್ಬ ಹೋಗುವುದು ನನಗೆ ತಪ್ಪು ಅನಿಸಲೇ ಇಲ್ಲ. ನನ್ನ ಹೆಸರಿನಲ್ಲಿ ನೀನು ಬಿಡುತ್ತಿರಲಿಲ್ಲ ಎಂಬ ಸಿಟ್ಟೂ ಇತ್ತು, ಸುಳ್ಳು ಏಕೆ ಹೇಳಲಿ.

ಮೂರು ಬಾವುಟ ಸಲೀಸಾಗಿ ಸಿಕ್ಕವು. ನಾಲ್ಕನೆಯದು ಕಣ್ಣಿಗೆ ಬಿತ್ತು, ಓಡಿದೆ. ಎಲೆ ಮುಚ್ಚಿದ್ದ ಗುಂಡಿ ಕಾಣಲಿಲ್ಲ. ಬಿದ್ದಾಗ ಉಳುಕಿರಬೇಕು ಎಂದುಕೊಂಡೆ. ಸ್ವಲ್ಪ ಸುಧಾರಿಸಿಕೊಂಡು ಏಳೋಣ ಎಂದು ಕೂತೇ ಇದ್ದೆ.

ಇನ್ನು ಮುಂದಿನದನ್ನು ಅಮ್ಮನಿಗೂ ಹೇಳಿಲ್ಲ. ನಾನು ಕೂತಿದ್ದಾಗ ನೀನು ಬಂದೆ. ಆ ಬಾವುಟ ಬಿಚ್ಚಲು ಒಬ್ಬಳೇ ಬಂದೆ. ಹದಿನೈದು ಅಡಿ ಇರಬಹುದು, ಅಷ್ಟೇ ದೂರ. ನಿನ್ನ ಕೆಂಪು ಟೋಪಿ ಕಾಣುತ್ತಿತ್ತು. ನಾನು ನಿನ್ನನ್ನು ಕರೆಯಲಿಲ್ಲ. ಪ್ರಕಾಶನ ನಂಬರು ಎದೆಗೆ ಕಟ್ಟಿಕೊಂಡು ಸಿಕ್ಕಿಬಿದ್ದರೆ ಜಂಬಣ್ಣನ ಎದುರು ನಿನ್ನ ಮರ್ಯಾದೆ ಹೋಗುತ್ತದೆ, ನೀನು ನನ್ನ ಮುಖ ನೋಡುವುದಿಲ್ಲ ಎಂದು ಹೆದರಿದೆ. ಗುಂಡಿಯೊಳಗೆ ತಲೆ ಬಗ್ಗಿಸಿ ಅಡಗಿ ಕೂತೆ. ನೀನು ಹೋದ ಮೇಲೆ ಕುಂಟಿಕೊಂಡು ರಸ್ತೆಗೆ ಬರೋಣ ಎಂದುಕೊಂಡಿದ್ದೆ.

ನೀನು ಹೋದೆ. ಎದ್ದು ನಿಲ್ಲಲು ನೋಡಿದೆ, ಕಣ್ಣು ಕತ್ತಲೆ ಬಂತು. ಕಾಲು ಮುರಿದಿದೆ ಎಂದು ಆಗ ತಿಳಿಯಿತು. ಆಮೇಲೆ ಕೂಗಿದೆ. ಸೀಟಿ ಬಿದ್ದಲ್ಲೇ ಎಲೆಯೊಳಗೆ ಕಳೆದುಹೋಗಿತ್ತು. ಎಷ್ಟು ಜೋರಾಗಿ ಕೂಗಿದೆನೋ ನನಗೇ ಗೊತ್ತಾಗಲಿಲ್ಲ. ಧ್ವನಿ ಹೊರಗೆ ಬರುತ್ತಿದೆಯೋ ಇಲ್ಲವೋ ಎಂದು ಗಂಟಲಿನ ಮೇಲೆ ಕೈ ಇಟ್ಟು ನೋಡಿಕೊಂಡೆ. ಗಂಟಲು ನಡುಗುತ್ತಿತ್ತು. ಉತ್ತರ ಯಾರಾದರೂ ಕೊಟ್ಟರೂ ನನಗೆ ಕೇಳಿಸುವುದಿಲ್ಲ. ಸುತ್ತ ಏನು ಬಂದರೂ ಕೇಳಿಸುವುದಿಲ್ಲ. ಹಂದಿ ಹಿಂದಿನಿಂದ ಬಂದರೆ ಎಂದು ಒಂದೇ ಸಮನೆ ತಲೆ ತಿರುಗಿಸುತ್ತಾ ಇದ್ದೆ. ಅಷ್ಟು ಹೆದರಿಕೆ ನನಗೆ ಹುಟ್ಟಿದಾಗಿನಿಂದ ಆಗಿರಲಿಲ್ಲ ಮಗಳೇ.

ಕ್ಲಬ್ಬು ಮುಚ್ಚಬೇಡ. ಪ್ರಕಾಶನನ್ನೂ ಬೈಯಬೇಡ. ದಿನಾ ಬಂದು ನನ್ನ ಕಾಲ ಬಳಿ ಕೂತು ಅಳುತ್ತಾನೆ, ಓಡಿಸಿದರೂ ಹೋಗುವುದಿಲ್ಲ.

ಅಪ್ಪ


ಶಿವಮೊಗ್ಗ
17 ಫೆಬ್ರವರಿ 2025

ಅಪ್ಪ,

ನಿಮ್ಮ ಪತ್ರ ಓದಿ ಎರಡು ದಿನ ಕಾಲೇಜಿಗೆ ಹೋಗಲಿಲ್ಲ.

ನನಗೆ ಕೇಳಿಸಿತ್ತು. ಆ ಬಾವುಟ ಬಿಚ್ಚುವಾಗ ಎಲೆಗಳ ಸದ್ದು ಕೇಳಿಸಿತ್ತು. ದೊಡ್ಡ ಮೈಯ ಯಾವುದೋ ಪ್ರಾಣಿ ನೆಲಕ್ಕೆ ಒರಗಿ ಅಡಗಿದಂತೆ. ಹಂದಿ ಎಂದುಕೊಂಡೆ. ಆ ಕಡೆ ತಿರುಗಿಯೂ ನೋಡಲಿಲ್ಲ. ಕಟ್ಟಿದ ದಾರ ಅಲ್ಲೇ ಬಿಟ್ಟು ಬಾವುಟ ಕಿತ್ತುಕೊಂಡು ಓಡಿದೆ. ರಸ್ತೆ ಸಿಕ್ಕುವವರೆಗೂ ನಿಲ್ಲಲಿಲ್ಲ. ಹುಡುಗಿಯರು "ಯಾಕ್ ಮೇಡಂ ಬೆವರಿದ್ದೀರಾ" ಎಂದಾಗ ಬಿಸಿಲು ಎಂದೆ.

ನೀವು ನನಗೆ ಹೆದರಿ ಅಡಗಿದಿರಿ. ನಾನು ನಿಮಗೆ ಹೆದರಿ ಓಡಿದೆ. ಹದಿನೈದು ಅಡಿ ಎಂದು ಬರೆದಿದ್ದೀರಿ. ಅದನ್ನು ಓದಿದಾಗಿನಿಂದ ಕಣ್ಣು ಮುಚ್ಚಿದರೆ ಆ ಸದ್ದೇ ಬರುತ್ತದೆ.

ಪೇಪರಿನಲ್ಲಿ ಸುದ್ದಿ ಬಂದ ಮೇಲೆ ಏನಾಗಿದೆ ಗೊತ್ತೇ? ಮುಂದಿನ ಪಂದ್ಯ ಯಾವಾಗ ಎಂದು ದಿನಾ ಫೋನು. ಕಾಡಲ್ಲಿ ಸಿಕ್ಕಿಕೊಂಡವರ ಕಥೆ ಕೇಳಿ ಜನಕ್ಕೆ ಈಗ ಇದು ಆಟ ಅನ್ನಿಸಿದೆ. ಹಿಂದೆ ಒಂಬತ್ತು ಜನ ಬಂದಾಗ ಅತ್ತಿದ್ದೆ. ಈಗ ಫೋನ್ ಬಂದರೆ ಎತ್ತಲು ಹೆದರಿಕೆ. ಎಲ್ಲರಿಗೂ ಇಲ್ಲ ಎನ್ನುತ್ತಿದ್ದೇನೆ. ಕಾಲೇಜಿನ ಹಿಂದಿನ ಮಾವಿನ ತೋಪಿಗೂ ನಾನು ಕಾಲಿಡುತ್ತಿಲ್ಲ.

ನಿಮ್ಮ,
ಕವನ


ಕಾಗದನಗರ
20 ಆಗಸ್ಟ್ 2025

ಮಗಳು ಕವನಳಿಗೆ,

ನೀನು ಬಂದು ಹೋಗಿ ಮಾಡುತ್ತಿದ್ದೀಯ, ಕಾಲಿಗೆ ಎಣ್ಣೆ ಹಚ್ಚುತ್ತೀಯ, ಔಷಧಿ ತರುತ್ತೀಯ. ಆ ವಿಷಯ ಮಾತ್ರ ತೆಗೆಯುವುದಿಲ್ಲ. ನಾನೂ ತೆಗೆಯುವುದಿಲ್ಲ. ಫೆಬ್ರವರಿಯಿಂದ ನಿನ್ನ ಪತ್ರವಿಲ್ಲ, ನನ್ನದೂ ಇಲ್ಲ. ಇಬ್ಬರೂ ಮೂಕರಾಗಿ ಕಾಫಿ ಕುಡಿಯುತ್ತೇವೆ. ಅಮ್ಮ "ಅಪ್ಪ ಮಗಳು ಸೇರಿ ನನ್ನನ್ನೂ ಕಿವುಡಿ ಮಾಡ್ತೀರಾ" ಎಂದಳು. ಅದಕ್ಕೆ ಇವತ್ತು ಕೂತೆ.

ಈಗ ಕೋಲಿಲ್ಲದೆ ನಡೆಯುತ್ತೇನೆ. ನಾಲ್ಕು ದಿನದ ಹಿಂದೆ ಜಂಬಣ್ಣ ಇಲ್ಲಿಗೇ ಬಂದಿದ್ದ. ಕಿತ್ತಲೆ ಹಣ್ಣು ಕೊಟ್ಟು, "ಭದ್ರಾವತಿಯವರು ಹೆದ್ರಿಕೊಂಡ್ರು ಅಂತ ನಮ್ ರೋಡಲ್ಲಿ ಮಾತು" ಎಂದು ನನ್ನ ಕಿವಿಯಲ್ಲೇ ಕೂಗಿ ಹೋದ. ಹೇಳಿದ್ದು ನಿಜ. ಆ ತೋಪು ನೆನೆದರೆ ನನಗೆ ಈಗಲೂ ಮೈ ಬೆವರುತ್ತದೆ. ಹಾಗೆಂದು ಇಬ್ಬರೂ ಮನೆಯೊಳಗೇ ಕೂತರೆ ಈ ಹೆದರಿಕೆ ಎಲ್ಲಿಗೂ ಹೋಗುವುದಿಲ್ಲ, ನಮ್ಮ ಜೊತೆಯೇ ಊಟಕ್ಕೆ ಕೂರುತ್ತದೆ.

ಪಂದ್ಯ ಇಡು. ಅದೇ ತೋಪಿನಲ್ಲಿ ಇಡು. ಆರು ಜನದ ನಿಯಮ ತೆಗೆ, ಬಂದಷ್ಟು ಜನಕ್ಕೆ ಪಾಯಿಂಟು ಕೊಡು, ಆಗ ಯಾರೂ ಬದಲಿ ಕಳಿಸುವುದಿಲ್ಲ. ಹೊರಗೆ ಬಂದವರ ನಂಬರು ನೋಡಬೇಡ, ಮುಖ ನೋಡು. ಮನೆಗೆ ಹೋದೆ ಎಂದು ಫೋನಿನಲ್ಲಿ ಹೇಳಿದರೆ ಒಪ್ಪಬೇಡ.

ನಾನು ನನ್ನ ಹೆಸರಿನಲ್ಲೇ ಇಳಿಯುತ್ತೇನೆ. ಸೀಟಿ ನನಗೆ ಕೇಳಿಸದು, ಅದಕ್ಕೆ ನನಗಾಗಿ ಊದಬೇಡ. ಬಹಳ ಹೊತ್ತಾದರೆ ಒಳಗೆ ಬಾ. ಎಲೆ ಸದ್ದಾದರೆ ತಿರುಗಿ ನೋಡು. ಹಂದಿಯಾಗಿದ್ದರೆ ಓಡಿಹೋಗು, ನಾನೇನೂ ಅಂದುಕೊಳ್ಳುವುದಿಲ್ಲ.

ಅಪ್ಪ


ಶಿವಮೊಗ್ಗ
13 ಅಕ್ಟೋಬರ್ 2025

ಅಪ್ಪನಿಗೆ,

ನಿನ್ನೆ ನೀವು ನನ್ನ ಜೊತೆ ಮಾತಾಡದೆ ಬಸ್ಸು ಹತ್ತಿದಿರಿ. ಹೇಳಬೇಕಾದದ್ದು ನನ್ನ ಬಾಯಲ್ಲೇ ಉಳಿಯಿತು.

ನೂರ ಹತ್ತು ಜನ ಬಂದಿದ್ದರು ಅಪ್ಪ. ಹೊರಗೆ ಬಂದ ಒಬ್ಬೊಬ್ಬರ ಮುಖವನ್ನೂ ಟೋಪಿ ತೆಗೆಸಿ ನೋಡಿದೆ. ಪ್ರಕಾಶಣ್ಣ ತಾನೇ ಬಂದು ನನ್ನೆದುರು ಮುಖ ಎತ್ತಿ ನಿಂತ. ಕೊನೆಗೆ ನೀವೊಬ್ಬರೇ ಉಳಿದಿರಿ. ಹೊತ್ತಾಯಿತು. ಅಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು. ಅಭ್ಯಾಸಬಲದಿಂದ ಸೀಟಿ ಬಾಯಿಗೆ ಹೋಯಿತು. ತೆಗೆದು ಅಮ್ಮನ ಕೈಗೆ ಕೊಟ್ಟು ಒಳಗೆ ನಡೆದೆ.

ನಾಲ್ಕನೇ ಬಾವುಟದ ಬಳಿ ಅದೇ ಸದ್ದಾಯಿತು. ಕಾಲು ಅಲ್ಲೇ ನಿಂತುಹೋಯಿತು. ಓಡಬೇಕು ಎಂದು ಇಡೀ ಮೈ ಹೇಳುತ್ತಿತ್ತು. ಹಲ್ಲು ಕಚ್ಚಿ ತಿರುಗಿ ನೋಡಿದೆ. ನೀವು ಆ ಗುಂಡಿಯ ದಂಡೆಯ ಮೇಲೆ ನಿಂತು ನಕ್ಷೆಯನ್ನು ಹೀಗೊಮ್ಮೆ ಹಾಗೊಮ್ಮೆ ತಿರುಗಿಸುತ್ತಿದ್ದಿರಿ. ನನ್ನನ್ನು ಕಂಡ ಕೂಡಲೇ ಕೈ ಎತ್ತಿದಿರಿ. ಕರೆಯುತ್ತಿದ್ದೀರಿ ಎಂದು ಎರಡು ಹೆಜ್ಜೆ ಇಟ್ಟೆ. "ಹತ್ರ ಬರ್ಬೇಡ, ಏನೂ ಹೇಳ್ಬೇಡ. ನೀನು ದಾರಿ ತೋರಿಸಿದ್ರೆ ನಮ್ ಪಾಯಿಂಟ್ ಹೋಗುತ್ತೆ" ಎಂದು ಇಡೀ ತೋಪಿಗೆ ಕೇಳುವಂತೆ ಕೂಗಿದಿರಿ. ನಿಮ್ಮ ಧ್ವನಿ ಚೆನ್ನಾಗಿಯೇ ಹೊರಗೆ ಬರುತ್ತದೆ ಅಪ್ಪ, ಅನುಮಾನ ಬೇಡ.

ನಾನು ನಾಲ್ಕಾರು ಮರದಷ್ಟು ಹಿಂದೆ ನಿಮಗೆ ಕಾಣುವಂತೆಯೇ ನಡೆದು ಬಂದೆ. ನೀವು ಎರಡು ಸಲ ತಪ್ಪು ದಾರಿ ಹಿಡಿದಿರಿ. ನಾನು ತುಟಿ ಬಿಚ್ಚಲಿಲ್ಲ.

ಸಮಯ ಮೀರಿದ್ದಕ್ಕೆ ನಿಮ್ಮ ಪಾಯಿಂಟು ಹೋಯಿತು. ಅದರಿಂದಲೇ ಭದ್ರಾವತಿ ಸೋತಿತು, ಜಂಬಣ್ಣ ಕುಣಿದ. ನಾನು ಒಳಗೆ ಬಂದು ನಿಮ್ಮ ಗಮನ ಕೆಡಿಸಿದೆ ಎಂದು ನೀವು ಪ್ರಕಾಶಣ್ಣನ ಹತ್ತಿರ ದೂರು ಹೇಳಿದ್ದೂ ನನಗೆ ಕೇಳಿಸಿತು. ಆಮೇಲೆ ನನ್ನ ಕಡೆ ಬೆನ್ನು ಹಾಕಿ ಕೂತು ಉಪ್ಪಿಟ್ಟು ತಿಂದಿರಿ. ಅಮ್ಮ ಎರಡನೇ ಸಲ ಬಡಿಸಿದಾಗ ಬೇಡ ಎನ್ನಲಿಲ್ಲ. ನಾನು ಬಾವುಟ ಮಡಿಸುವುದನ್ನು ಬಿಟ್ಟು ನಿಮ್ಮ ಬೆನ್ನನ್ನೇ ನೋಡುತ್ತಾ ಬಹಳ ಹೊತ್ತು ನಿಂತಿದ್ದೆ.

ಕೋಪ ಇನ್ನೂ ಇದ್ದರೆ ಇರಲಿ ಅಪ್ಪ. ನೀವು ಹೊರಗೆ ಬಂದು ಕೋಪ ಮಾಡಿಕೊಂಡಿರಲ್ಲ, ನನಗೆ ಅಷ್ಟು ಸಾಕು.

ನಿಮ್ಮ ಮಗಳು,
ಕವನ